ಹಿಮಬಂಡಿಯ ಮುಂಗಾಲು ಸೋತಾಗ

ಹಿಮವೆಂದೊಡನೆ ಕನ್ನಡ ನಾಡಿನವರ ಕಣ್ಣಮುಂದೆ ನಿಲ್ಲುವುದು ಅರಳೆಯ ರಾಶಿಯ ಚಿತ್ರ. ಕಾಶ್ಮೀರದ ಪ್ರವಾಸಕ್ಕೆ ಹೋಗಿ, ಗುಲ್ಮಾರ್ಗಿನಲ್ಲಿ ಬಾಡಿಗೆಯ ಸ್ನೋಮೊಬೈಲ್ ಏರಿ ಒಂದು ಸುತ್ತು ಹಾಕಿ ಬಂದ ನವದಂಪತಿಗಳೂ ಈ ಚಿತ್ರವನ್ನೇ ಹೊತ್ತು ಮರಳುತ್ತಾರೆ. ಅವರ ಪಾಲಿಗೆ ಅದು ಕೆಲವು ನಿಮಿಷಗಳ ವಿನೋದ, ಒಂದೆರಡು ಛಾಯಾಚಿತ್ರ. ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮದ ನಡುವೆಯೇ ಬಾಳಬೇಕಾದ ಕೆನಡಾದ ಕ್ವಿಬೆಕ್ ಪ್ರಾಂತದವರನ್ನೋ, ಅಮೆರಿಕದ ಮಿನ್ನೆಸೋಟ ರಾಜ್ಯದವರನ್ನೋ, ಫಿನ್ಲೆಂಡಿನ ಉತ್ತರ ಅಂಚಿನ ಹಿಮಸಾರಂಗಪಾಲಕರನ್ನೋ ಕೇಳಿದರೆ ಬೇರೆಯೇ ಮಾತು ಬರುತ್ತದೆ. ಹಿಮ ಬಿದ್ದಾಗ ಅರಳೆ. ಅದರ ಮೇಲೆ ನೂರು ಬಂಡಿ ಓಡಿ, ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಮೇಲೆ ಅದು ಕಲ್ಲು.

ಹಿಮಬಂಡಿಗಳಿಗೆಂದೇ ಆ ದೇಶಗಳಲ್ಲಿ ಕಾಡು ಮೇಡುಗಳ ನಡುವೆ ದಾರಿಗಳನ್ನು ಬಿಟ್ಟಿರುತ್ತಾರೆ. ರಾತ್ರಿಯ ವೇಳೆ ದೊಡ್ಡ ಯಂತ್ರಗಳು ಈ ದಾರಿಯನ್ನು ಕೆರೆದು ಮಟ್ಟಸ ಮಾಡಿ ಹೋಗುತ್ತವೆ. ಬೆಳಗ್ಗೆ ಹೊರಟವರಿಗೆ ಅದು ರಾಜಮಾರ್ಗ. ಮಧ್ಯಾಹ್ನದ ಹೊತ್ತಿಗೆ, ಒಂದರ ಹಿಂದೊಂದು ಬಂಡಿ ತುಳಿದು ತುಳಿದು, ಹಿಮವೆಲ್ಲ ಕಡಲತಡಿಯ ಮರಳಿನಂತೆ ಅಲೆಯಲೆಯಾಗಿ ದಿಬ್ಬಗಟ್ಟುತ್ತದೆ. ಎರಡು ಮೀಟರಿಗೊಂದು ದಿಬ್ಬವೆಂದು ಹಿಡಿದರೂ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವ ಬಂಡಿ ಸೆಕೆಂಡಿಗೆ ಐದಕ್ಕಿಂತ ಹೆಚ್ಚು ಪೆಟ್ಟುಗಳನ್ನು ತಿನ್ನುತ್ತದೆ. ಗಂಟೆಗೆ 20,000 ಪೆಟ್ಟು! ಇಷ್ಟನ್ನೂ ಮೊದಲು ಎದೆಗೊಟ್ಟು ತಡೆಯುವುದು ಬಂಡಿಯ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ನಿಂತಿರುವ, ಒಂದು ಮೊಳಕ್ಕಿಂತ ಉದ್ದವಿಲ್ಲದ ಎರಡು ಎಣ್ಣೆಯ ಕೊಳವೆಗಳು. ಸ್ಕೂಟರ್ ಇಟ್ಟುಕೊಂಡ ಮನೆಗಳಲ್ಲೆಲ್ಲ ಪರಿಚಿತವಾದ ಹೆಸರೇ ಅವಕ್ಕೂ ಉಂಟು: ಷಾಕ್ ಅಬ್ಸಾರ್ಬರ್.

ಹಿಮಬಂಡಿ ಹುಟ್ಟಿದ್ದು ಮೋಜಿಗಾಗಿ ಅಲ್ಲ. ಕ್ವಿಬೆಕ್ಕಿನ ವಾಲ್ಕೂರ್ ಎಂಬ ಹಳ್ಳಿಯ ಯಂತ್ರಕುಶಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ 1934ರ ಚಳಿಗಾಲದಲ್ಲಿ ತನ್ನ ಎರಡು ವರ್ಷದ ಮಗನನ್ನು ಕಳೆದುಕೊಂಡ. ಮಗುವಿಗೆ ಕರುಳಬಾಲದ ಬೇನೆ. ದಾರಿಗಳೆಲ್ಲ ಹಿಮದಲ್ಲಿ ಮುಚ್ಚಿಹೋಗಿ ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಹದಿಹರೆಯದಿಂದಲೂ ಹಿಮದ ಮೇಲೆ ಓಡುವ ವಾಹನದ ಹುಚ್ಚು ಹಿಡಿಸಿಕೊಂಡಿದ್ದ ಆತ ಆ ಬಳಿಕ ಕೆಲಸಕ್ಕೆ ಇನ್ನಷ್ಟು ಛಲದಿಂದ ಇಳಿದು, ಹಲ್ಲುಚಕ್ರದಿಂದ ತಿರುಗುವ ರಬ್ಬರಿನ ಪಟ್ಟೆಗೆ 1937ರಲ್ಲಿ ಪೇಟೆಂಟ್ ಪಡೆದ. ಏಳು ಜನ ಕೂರುವ, ಹನ್ನೆರಡು ಜನ ಕೂರುವ ದೊಡ್ಡ ಹಿಮವಾಹನಗಳು ಮೊದಲು ಬಂದವು. ವೈದ್ಯರು, ಅಂಚೆಯವರು, ಶಾಲೆಯ ಮಕ್ಕಳು ಅವುಗಳಲ್ಲಿ ಓಡಾಡಿದರು. ಮುಂದೆ ಎರಡು ಸ್ಕೀ, ಹಿಂದೆ ಒಂದು ಪಟ್ಟೆ, ನಡುವೆ ಹಗುರವಾದ ಎಂಜಿನು, ಮೇಲೆ ಒಬ್ಬಿಬ್ಬರಿಗೆ ಆಸನ ಇರುವ ಪುಟ್ಟ ‘ಸ್ಕೀ-ಡೂ’ ಬಂದದ್ದು 1959ರಲ್ಲಿ. ಅಷ್ಟರಲ್ಲೇ ಮಿನ್ನೆಸೋಟದ ರೋಸೋ ಪಟ್ಟಣದ ಪೋಲಾರಿಸ್ ಕಂಪನಿಯವರೂ ಇಂಥ ಬಂಡಿಗಳನ್ನು ಕಟ್ಟತೊಡಗಿದ್ದರು.

ಆ ಕಾಲದ ಬಂಡಿಗಳಿಗೆ ಮುಂಭಾಗದಲ್ಲಿ ಇದ್ದುದು ಲಾರಿಗೂ ಜಟಕಾ ಬಂಡಿಗೂ ಇರುವಂಥ ಉಕ್ಕಿನ ಪಟ್ಟಿಗಳ ಕಮಾನು, ಅಷ್ಟೆ. ಅದು ಒಂದೆರಡು ಅಂಗುಲ ಬಾಗುತ್ತಿತ್ತು. ಉಳಿದ ಪೆಟ್ಟೆಲ್ಲ ಸವಾರನ ಮೊಣಕಾಲಿಗೂ ಬೆನ್ನಿಗೂ ಸಂದಾಯವಾಗುತ್ತಿತ್ತು. ಒಂದು ಸ್ಕೀ ಇನ್ನೊಂದರ ಹಂಗಿಲ್ಲದೆ ತನ್ನಷ್ಟಕ್ಕೆ ಏರಿಳಿಯುವ ಏರ್ಪಾಟನ್ನು ಪೋಲಾರಿಸ್ ಕಂಪನಿ 1980ರ ತನ್ನ ‘ಇಂಡಿ’ ಮಾದರಿಯಲ್ಲಿ ಮಾರುಕಟ್ಟೆಗೆ ತಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಮಿಕ್ಕ ಕಂಪನಿಗಳೂ ತಮ್ಮ ತಮ್ಮ ಬಗೆಯಲ್ಲಿ ಅದೇ ದಾರಿ ಹಿಡಿದವು. ಸುರುಳಿ ಸ್ಪ್ರಿಂಗು, ಅದರ ನಡುವೆ ಎಣ್ಣೆಯ ಕೊಳವೆ, ಕೆಳಗೆ ಸ್ಕೀಯನ್ನು ಹಿಡಿದಿಡುವ ತೋಳುಗಳು: ಇಂದಿಗೂ ಕಾಣುವುದು ಈ ಕಟ್ಟಡವೇ. ಈಗಿನ ಹೊಸ ಬಂಡಿಗಳ ಸ್ಕೀ 9–10 ಅಂಗುಲ ಏರಿಳಿಯಬಲ್ಲುದು.

ಹೊಸ ಬಂಡಿ ಇಷ್ಟು ಸುಖಕರವಾಗಿದ್ದರೆ ಹಳೆಯದನ್ನು ಮಾರಿಬಿಡಬಾರದೇಕೆ ಎಂದು ಕೇಳಬಹುದು. ಹೊಸದರ ಬೆಲೆ 10,000 ಡಾಲರನ್ನು ಸುಲಭವಾಗಿ ದಾಟುತ್ತದೆ. ಹಳೆಯದರ ಎಂಜಿನು ಸರಳ; ಮನೆಯ ಹಿಂದಣ ಷೆಡ್ಡಿನಲ್ಲಿ, ಒಂದು ಪೆಟ್ಟಿಗೆ ಸ್ಪ್ಯಾನರು ಇಟ್ಟುಕೊಂಡು, ಒಡೆಯನೇ ಬಿಚ್ಚಿ ಜೋಡಿಸಬಹುದಾದದ್ದು. 1980, 1990ರ ದಶಕಗಳಲ್ಲಿ ಕೆಲವು ಮಾದರಿಗಳು ಅಪಾರ ಸಂಖ್ಯೆಯಲ್ಲಿ ಮಾರಾಟವಾದ್ದರಿಂದ ಅವುಗಳ ಬಿಡಿಭಾಗಗಳಿಗೂ ಇನ್ನೂ ತೀರಾ ಬರ ಬಂದಿಲ್ಲ. ಜಪಾನಿನ ಯಮಾಹಾ ಕಂಪನಿ ಉತ್ತರ ಅಮೆರಿಕದಲ್ಲಿ ತನ್ನ ಹಿಮಬಂಡಿ ವ್ಯಾಪಾರವನ್ನು 2025ರ ಮಾದರಿಗಳೊಂದಿಗೆ ಮುಗಿಸುವುದಾಗಿ 2023ರಲ್ಲಿ ಪ್ರಕಟಿಸಿದ ಮೇಲಂತೂ, ಇರುವುದನ್ನು ಜೋಪಾನ ಮಾಡಿಕೊಳ್ಳುವ ಬುದ್ಧಿ ಹಲವರಲ್ಲಿ ಬಲವಾಗಿದ್ದರೆ ಆಶ್ಚರ್ಯವಿಲ್ಲ.

ಸ್ಪ್ರಿಂಗಿನ ಕೆಲಸ ಬೇರೆ, ಕೊಳವೆಯ ಕೆಲಸ ಬೇರೆ

ಷಾಕ್ ಅಬ್ಸಾರ್ಬರ್ ಬಂಡಿಯ ಭಾರವನ್ನು ಹೊರುತ್ತದೆಂದು ಅನೇಕರು ತಿಳಿದಿದ್ದಾರೆ. ಭಾರ ಹೊರುವುದು ಸುತ್ತಲಿನ ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ಒಂದು ದುರ್ಗುಣ: ಒತ್ತಿದ್ದನ್ನೆಲ್ಲ ಅದು ಬಡ್ಡಿಯಿಲ್ಲದೆ ಹಾಗೆಯೇ ಹಿಂದಿರುಗಿಸುತ್ತದೆ. ಅದೊಂದೇ ಇದ್ದರೆ ಬಂಡಿ ಮೊದಲ ದಿಬ್ಬಕ್ಕೆ ಎಗರಿ, ಎರಡನೆಯದಕ್ಕೆ ಇನ್ನಷ್ಟು ಎಗರಿ, ನಾಲ್ಕನೆಯದರ ವೇಳೆಗೆ ಸವಾರನನ್ನೇ ಕೆಡಹಬಹುದು. ಆ ಕುಣಿತವನ್ನು ಅಡಗಿಸುವವನೇ ನಡುವಣ ಕೊಳವೆ. ಅದರೊಳಗೆ ತೆಳುವಾದ ಎಣ್ಣೆ. ಎಣ್ಣೆಯಲ್ಲಿ ಒಂದು ಪಿಸ್ಟನ್. ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳು, ಅವನ್ನು ಅರೆಮುಚ್ಚಿರುವ ಉಕ್ಕಿನ ತೆಳು ಬಿಲ್ಲೆಗಳು. ಸ್ಕೀ ಏರಿಳಿದಂತೆಲ್ಲ ಎಣ್ಣೆ ಆ ಕಿರಿದಾದ ದಾರಿಯಲ್ಲಿ ನುಸುಳಿ ಹೋಗಬೇಕು. ನುಸುಳುವ ಆ ಕಷ್ಟದಲ್ಲಿ ಪೆಟ್ಟಿನ ಬಲವೆಲ್ಲ ಶಾಖವಾಗಿ ಕರಗುತ್ತದೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ ಇದ್ದರೂ, ಉಬ್ಬುತಗ್ಗಿನ ದಾರಿಯಲ್ಲಿ ಓಡಿ ಬಂದ ಬಂಡಿಯ ಕೊಳವೆಯನ್ನು ಮುಟ್ಟಿದರೆ ಬೆಚ್ಚಗಿರುತ್ತದೆ. ಸರಿಯಾಗಿ ದುಡಿಯುತ್ತಿದೆ ಎಂಬುದಕ್ಕೆ ಅದೊಂದು ಗುರುತು. ಒಂದು ಕೊಳವೆ ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದನ್ನು ಶಂಕಿಸಬೇಕು.

ಇದು ಸವೆಯುವ ರೀತಿ ಕಳ್ಳಹೆಜ್ಜೆಯದು. ಟೈರು ಒಡೆದರೆ ಸದ್ದಾಗುತ್ತದೆ, ಬೆಲ್ಟು ಹರಿದರೆ ಬಂಡಿ ನಿಲ್ಲುತ್ತದೆ. ಷಾಕ್ ಅಬ್ಸಾರ್ಬರ್ ಹಾಗಲ್ಲ. ಕಡ್ಡಿಗೆ ಅಂಟಿದ ಹಿಮದ ಹರಳುಗಳು ಸೀಲಿನ ತುಟಿಯನ್ನು ದಿನವೂ ಸ್ವಲ್ಪ ಸ್ವಲ್ಪ ಕೆರೆಯುತ್ತವೆ. ಬೇಸಗೆಯಲ್ಲಿ ಷೆಡ್ಡಿನ ತೇವಕ್ಕೆ ಕಡ್ಡಿಯ ಹೊಳಪಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಮುಂದಿನ ಚಳಿಗಾಲದಲ್ಲಿ ಆ ಚುಕ್ಕೆಯೇ ಅರದಂತೆ ಸೀಲನ್ನು ತಿನ್ನುತ್ತದೆ. ಎಣ್ಣೆ ಒಸರುತ್ತದೆ, ಎಣ್ಣೆ ಹೋದೆಡೆ ಗಾಳಿ ಸೇರುತ್ತದೆ, ಎರಡೂ ಬೆರೆತು ನೊರೆಯಾಗುತ್ತದೆ. ನೊರೆ ಯಾವ ರಂಧ್ರದಲ್ಲೂ ತಡೆಯಿಲ್ಲದೆ ಹಾಯುವುದರಿಂದ ಶಮನವೆಂಬುದು ಹೆಸರಿಗಷ್ಟೇ ಉಳಿಯುತ್ತದೆ. ಹೊರಟ ಮೊದಲ ಹತ್ತು ನಿಮಿಷ ಎಲ್ಲವೂ ನೆಟ್ಟಗಿದ್ದು, ಆಮೇಲೆ ಬಂಡಿ ಕುದುರೆಮರಿಯಂತೆ ಕುಣಿಯತೊಡಗಿದರೆ ಒಳಗೆ ನಡೆದಿರುವುದು ಇದೇ. ಸವಾರನಾದರೋ ವರ್ಷದಿಂದ ವರ್ಷಕ್ಕೆ ಅದಕ್ಕೆ ಒಗ್ಗಿಕೊಂಡು, ದಾರಿಯೇ ಕೆಟ್ಟಿದೆಯೆಂದು ದೂರುತ್ತಿರುತ್ತಾನೆ.

ಕುಲುಕಾಟ ಹೆಚ್ಚಿತೆಂಬುದಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಹಿಮಬಂಡಿ ತಿರುಗುವುದು ಸ್ಕೀ ನೆಲ ಕಚ್ಚಿದಾಗ ಮಾತ್ರ. ಎಗರಿದ ಸ್ಕೀ ಗಾಳಿಯಲ್ಲಿರುವಷ್ಟು ಹೊತ್ತು ಹ್ಯಾಂಡಲನ್ನು ಎತ್ತ ತಿರುಗಿಸಿದರೂ ವ್ಯರ್ಥ. ಮರಗಳ ನಡುವಣ ಕುರುಡು ತಿರುವಿನಲ್ಲಿ, ಎದುರಿನಿಂದ ಇನ್ನೊಂದು ಬಂಡಿ ಬರುವ ವೇಳೆಗೆ, ಅರ್ಧ ಸೆಕೆಂಡು ಹಿಡಿತ ತಪ್ಪಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಉತ್ತರ ಫಿನ್ಲೆಂಡಿನ ಸಾಮಿ ಜನರ ಕಥೆ ಇಲ್ಲಿ ಪ್ರಸ್ತುತ. ಹಿಮಸಾರಂಗದ ಮಂದೆಗಳನ್ನು ಸ್ಕೀ ತೊಟ್ಟು, ಸಾರಂಗ ಎಳೆಯುವ ಜಾರುಗಾಡಿಯಲ್ಲಿ ಕುಳಿತು ಕಾಯುತ್ತಿದ್ದ ಅವರ ನಡುವೆ 1960ರ ದಶಕದ ಆರಂಭದಲ್ಲಿ ಹಿಮಬಂಡಿ ಕಾಲಿಟ್ಟಿತು. ಕೆಲವೇ ವರ್ಷಗಳಲ್ಲಿ ಎಳೆಯುವ ಸಾರಂಗ ಮೂಲೆಗುಂಪಾಯಿತು. ಪೆರ್ಟಿ ಪೆಲ್ಟೋ ಎಂಬ ಮಾನವಶಾಸ್ತ್ರಜ್ಞರು ಈ ಪರಿವರ್ತನೆಯನ್ನು ಕುರಿತು 1973ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಹಿಂದೆ ಕಾಡಿನ ಕಲ್ಲುಹೂವನ್ನು ಮೇಯ್ದು ಬಾಳುತ್ತಿದ್ದ ವಾಹನದ ಜಾಗದಲ್ಲಿ ಪೆಟ್ರೋಲು, ಬಿಡಿಭಾಗ, ರಿಪೇರಿಗಳೆಂದು ಹಣ ಕೇಳುವ ವಾಹನ ಬಂದು ನಿಂತಿತು. ಸಾರಂಗಕ್ಕೆ ಷಾಕ್ ಅಬ್ಸಾರ್ಬರಿನ ಅಗತ್ಯವಿರಲಿಲ್ಲ! ಪಾಲಕರು ಓಡಾಡುವುದು ಮಟ್ಟಸ ಮಾಡಿದ ದಾರಿಯಲ್ಲಲ್ಲ. ಮಂದೆ ಹೋದತ್ತ, ಕಲ್ಲು ಕೊರಡುಗಳ ಮೇಲೆ, ದಿನಕ್ಕೆ ಹಲವು ಗಂಟೆ. ಹೀಗೆ ದುಡಿಯುವವರನ್ನು ಕಾಡುವ ಬೆನ್ನುನೋವು ಆ ದೇಶಗಳ ವೈದ್ಯರಿಗೆ ಅಧ್ಯಯನದ ವಿಷಯವೇ ಆಗಿದೆ. ರಜಾದಿನದ ಸವಾರನಿಗೆ ಸವೆದ ಕೊಳವೆಯಿಂದ ಒಂದು ಸಂಜೆ ಕೆಡುತ್ತದೆ. ಇವರಿಗೆ ಕೆಡುವುದು ಜೀವನಾಧಾರವಾದ ಬೆನ್ನು.

ಪರೀಕ್ಷೆ

ಬಂಡಿಯನ್ನು ಮಟ್ಟಸವಾದ ನೆಲದ ಮೇಲೆ ನಿಲ್ಲಿಸಿ, ಮುಂದಿನ ಬಂಪರನ್ನು ಎರಡೂ ಕೈಗಳಿಂದ ಬಲವಾಗಿ ಅದುಮಿ ಬಿಡಬೇಕು. ಮೂಗು ಮೇಲೆದ್ದು ಸುಮ್ಮನೆ ನಿಂತರೆ ಚಿಂತೆಯಿಲ್ಲ. ಎದ್ದು, ಬಿದ್ದು, ಮತ್ತೆ ಎದ್ದು ತೂಗಾಡಿದರೆ ಕೊಳವೆ ಸೋತಿದೆಯೆಂದು ತಿಳಿಯಬಹುದು. ಅದುಮಿದ್ದು ಮೇಲೇಳದೆ ಅಲ್ಲಿಯೇ ಉಳಿದರೆ, ಕಡ್ಡಿ ಬಾಗಿ ಹಿಡಿದಿರಬಹುದು ಅಥವಾ ಕೀಲುಗಳು ತುಕ್ಕು ಹಿಡಿದಿರಬಹುದು. ಕೊಳವೆಯ ಮೈಮೇಲೆ ಧೂಳು ಮೆತ್ತಿದ ಎಣ್ಣೆಯ ಕರೆ ಕಂಡರಂತೂ ಸಾಕ್ಷಿ ಬೇರೆ ಬೇಡ.

ಆದರೆ ಇಲ್ಲಿಗೇ ತೀರ್ಪು ಕೊಟ್ಟು ಅಂಗಡಿಗೆ ಓಡುವುದು ಹಲವರು ಮಾಡುವ ದುಡುಕು. ಹಳೆಯ ಬಂಡಿಯ ಮುಂಭಾಗದಲ್ಲಿ ಸವೆಯುವ ವಸ್ತು ಷಾಕ್ ಒಂದೇ ಅಲ್ಲ. ಜಾಕಿ ಕೊಟ್ಟು ಮೂಗನ್ನು ಎತ್ತಿ, ಗಟ್ಟಿಯಾದ ಆಸರೆಯ ಮೇಲೆ ನಿಲ್ಲಿಸಿ (ಜಾಕಿಯನ್ನೇ ನಂಬಿ ಕೆಳಗೆ ಕೈಯಿಡುವುದು ಎಲ್ಲೂ ಸಲ್ಲದು), ತೂಗುತ್ತಿರುವ ಸ್ಕೀಯ ತುದಿಯನ್ನು ಹಿಡಿದು ಎಡಬಲಕ್ಕೂ ಮೇಲೆಕೆಳಕ್ಕೂ ಅಲುಗಿಸಿ ನೋಡಬೇಕು. ಲಟಲಟ ಸದ್ದು ಬಂದರೆ ಅದು ಸ್ಟೀರಿಂಗ್ ಕಡ್ಡಿಯ ತುದಿಯ ಗುಂಡುಕೀಲಿನದೋ, ಸ್ಕೀಯ ಕಂಬ ತಿರುಗುವ ಬುಷ್‌ನದೋ, ತೋಳಿನ ಬೋಲ್ಟಿನದೋ ಆಗಿರಬಹುದು. ಇನ್ನೊಂದು ಮಾತು: ನೇರ ದಾರಿಯಲ್ಲಿ ಬಂಡಿ ತಾನಾಗಿ ಅತ್ತಿತ್ತ ಸೆಳೆಯುತ್ತಿದ್ದರೆ ಬಹುಮಟ್ಟಿಗೆ ದೋಷ ಸ್ಕೀಯ ಅಡಿಯಲ್ಲಿರುವ ಉಕ್ಕಿನ ಸರಳಿನ ಸವೆತದ್ದು ಇಲ್ಲವೇ ಸ್ಕೀಗಳ ಜೋಡಣೆಯದು. ಅದಕ್ಕೆ ಹೊಸ ಷಾಕ್ ಹಾಕಿದರೆ ಹಲ್ಲುನೋವಿಗೆ ಕನ್ನಡಕ ಕೊಂಡಂತೆ.

ಸ್ಪ್ರಿಂಗಿನ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಮೂಗು ಕುಸಿದ ಬಂಡಿಯನ್ನು ಕಂಡೊಡನೆ, “ಕೆಳಗಿನ ಬಳೆಯನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡಿ, ಎಲ್ಲ ಸರಿಹೋಗುತ್ತದೆ” ಎಂದು ಸಲಹೆ ಕೊಡುವವರು ಎಲ್ಲೆಲ್ಲೂ ಉಂಟು. ಬಿಗಿ ಮಾಡಿದರೆ ಮೂಗು ಎತ್ತರವಾಗುವುದು ನಿಜ. ಆದರೆ ಸುರುಳಿಯ ಗಡಸುತನ ಅದರಿಂದ ಹೆಚ್ಚುವುದಿಲ್ಲ. ಕುಣಿತವಂತೂ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಸ್ಪ್ರಿಂಗು ಜೋತುಬಿದ್ದಿದೆಯೇ ಎಂಬುದನ್ನು ತಿಳಿಯಲು ಅದನ್ನು ಬಿಚ್ಚಿ, ಮೇಜಿನ ಮೇಲಿಟ್ಟು ಉದ್ದವನ್ನು ಅಳೆದು, ಬಂಡಿಯ ಕೈಪಿಡಿಯಲ್ಲಿ ಕೊಟ್ಟ ಅಳತೆಯೊಡನೆ ಹೋಲಿಸುವುದೊಂದೇ ನೆಚ್ಚಿನ ದಾರಿ.

ಬಿಚ್ಚಿದ ಮೇಲೆ

ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನವಿಲ್ಲದೆ ಅದನ್ನು ಬಿಚ್ಚಕೂಡದು. ಹಾರಿದ ಸ್ಪ್ರಿಂಗು ಬೆರಳನ್ನೋ ಕಣ್ಣನ್ನೋ ಕೇಳುತ್ತದೆ. ಸ್ಪ್ರಿಂಗು ಕಳಚಿ ಬರಿಗೊಳವೆ ಕೈಗೆ ಬಂದಾಗ ಸತ್ಯ ಹೊರಬೀಳುತ್ತದೆ. ಕಡ್ಡಿಯನ್ನು ನಿಧಾನವಾಗಿ ಒಳಕ್ಕೆ ತಳ್ಳಿ ಹೊರಕ್ಕೆ ಎಳೆಯಬೇಕು. ತಡೆ ಉದ್ದಕ್ಕೂ ಒಂದೇ ಸಮನಾಗಿರಬೇಕು. ನಡುವೆ ಎಲ್ಲಾದರೂ ಕೈ ಸಡಿಲವಾಗಿ ಜಾರಿದರೆ, ಒಳಗೆ ಗುಳುಗುಳು ಸದ್ದು ಕೇಳಿದರೆ, ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದೆ. ಸಾರಜನಕ ಅನಿಲ ತುಂಬಿದ ಬಗೆಯಾಗಿದ್ದರೆ, ಒಳಗೆ ತಳ್ಳಿದ ಕಡ್ಡಿ ತಾನಾಗಿಯೇ ಮೆಲ್ಲನೆ ಹೊರಬರಬೇಕು. ತಳ್ಳಿದಲ್ಲೇ ಉಳಿದರೆ ಅನಿಲ ಸೋರಿಹೋಗಿದೆ. ಕಡ್ಡಿಯುದ್ದಕ್ಕೂ ಉಗುರನ್ನು ಎಳೆದು ನೋಡಬೇಕು. ಉಗುರಿಗೆ ಸಿಕ್ಕುವ ಗುಳಿಯಿದ್ದರೆ ಹೊಸ ಸೀಲು ಹಾಕಿಯೂ ಪ್ರಯೋಜನವಿಲ್ಲ, ಕಡ್ಡಿಯೇ ಬದಲಾಗಬೇಕು.

ಮುಂದಿನ ನಿರ್ಧಾರ ಕೊಳವೆಯ ಜಾತಿಯನ್ನು ಅವಲಂಬಿಸಿದೆ. ಅಗ್ಗದ ಬಂಡಿಗಳಿಗೆ ಹಾಕುತ್ತಿದ್ದವು ಬಾಯನ್ನು ಮಡಿಚಿ ಶಾಶ್ವತವಾಗಿ ಮುಚ್ಚಿದ ಬಗೆಯವು. ಇವನ್ನು ಬಿಚ್ಚುವಂತಿಲ್ಲ, ಕೆಟ್ಟರೆ ಎಸೆದು ಹೊಸದು ತರಬೇಕು. ಓಟದ ಬಂಡಿಗಳಿಗೂ ಬೆಲೆಯ ಬಂಡಿಗಳಿಗೂ ಹಾಕುತ್ತಿದ್ದವು ತಿರುಪಿನ ಮುಚ್ಚಳವೂ ಅನಿಲ ತುಂಬುವ ವಾಲ್ವೂ ಇರುವ ಬಗೆಯವು. ಇವನ್ನು ಬಿಚ್ಚಿ ತೊಳೆದು, ಹೊಸ ಸೀಲು, ಹೊಸ ಎಣ್ಣೆ, ಹೊಸ ಅನಿಲ ಕೊಟ್ಟರೆ ಮತ್ತೆ ಯೌವನ ಬರುತ್ತದೆ. ನಿಷ್ಠೆಯಿಂದ ಓಡಿಸುವವರು ಒಂದೆರಡು ಚಳಿಗಾಲಗಳಿಗೊಮ್ಮೆ ಈ ಸೇವೆ ಮಾಡಿಸುತ್ತಾರೆ. ಹಳೆಯ ಬಂಡಿಗಳಲ್ಲಿ ಹೆಚ್ಚಿನವು ಕಾರ್ಖಾನೆ ಬಿಟ್ಟ ದಿನದ ಎಣ್ಣೆಯಲ್ಲೇ ಓಡುತ್ತಿರುತ್ತವೆ.

ಈ ಕೆಲಸದಲ್ಲಿ ಮಿತವ್ಯಯದ ಮಾತು ಒಂದು ಮೇರೆಗೆ ನಿಲ್ಲಬೇಕು. ಸಾರಜನಕವನ್ನು ತುಂಬುವ ಒತ್ತಡ ಅನೇಕ ಬಗೆಗಳಲ್ಲಿ ಚದರ ಅಂಗುಲಕ್ಕೆ 200 ಪೌಂಡಿನಷ್ಟಿರುತ್ತದೆ; ಸ್ಕೂಟರಿನ ಟೈರಿನಲ್ಲಿ ಇರುವುದು 25–30 ಪೌಂಡು. ಒತ್ತಡವನ್ನು ವಾಲ್ವಿನಿಂದ ಬಿಡದೆ ಮುಚ್ಚಳ ತಿರುಗಿಸುವುದೂ, ಮುಚ್ಚಿದ ಕೊಳವೆಯನ್ನು ಗರಗಸದಿಂದ ಕೊಯ್ಯುವುದೂ, ಬೆಂಕಿಗೆ ಹಿಡಿಯುವುದೂ ಸಾಹಸವಲ್ಲ, ಅವಿವೇಕ. ಸೈಕಲ್ ಪಂಪಿನ ಗಾಳಿಯೂ ಕೂಡದು; ಗಾಳಿಯಲ್ಲಿ ತೇವವಿದೆ, ಒಳಗೆ ಅದು ತುಕ್ಕಾಗುತ್ತದೆ. ಬಿಚ್ಚಿ ತೆಗೆಯುವುದನ್ನು ಮನೆಯಲ್ಲೇ ಮಾಡಿಕೊಂಡು, ತುಂಬುವ ಕೆಲಸವನ್ನಷ್ಟೇ ಅನುಭವಿ ಮೆಕಾನಿಕ್‌ಗೆ ಬಿಡುವುದು ಎರಡೂ ಕಡೆಗೆ ಲಾಭದ ಏರ್ಪಾಟು.

ತನ್ನ ಮಾದರಿಯ ಕೊಳವೆ ಸಿಗದೆ ಬೇರೆಯದನ್ನು ಹಾಕಬೇಕಾದವನು ಅಂಗಡಿಗೆ ಹೋಗುವ ಮುನ್ನ ಅಳತೆಗಳನ್ನು ಬರೆದುಕೊಳ್ಳಬೇಕು: ಪೂರ್ತಿ ಚಾಚಿದಾಗ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗಿರುವ ಉದ್ದ, ಪೂರ್ತಿ ಅದುಮಿದಾಗಿನ ಉದ್ದ, ಬೋಲ್ಟಿನ ದಪ್ಪ, ಕಣ್ಣಿನ ಅಗಲ. ಇವುಗಳಲ್ಲಿ ಅದುಮಿದಾಗಿನ ಉದ್ದವನ್ನು ಹೆಚ್ಚಿನವರು ಮರೆಯುತ್ತಾರೆ. ಹೊಸದು ಹಳೆಯದರಷ್ಟು ಕುಗ್ಗದಿದ್ದರೆ, ದೊಡ್ಡ ಪೆಟ್ಟು ಬಿದ್ದಾಗ ಅದು ನಡುದಾರಿಯಲ್ಲೇ ಗೂಟವಾಗಿ ನಿಂತು, ಆ ಬಲವನ್ನೆಲ್ಲ ತನ್ನ ಬೋಲ್ಟಿಗೂ ಬಂಡಿಯ ಚೌಕಟ್ಟಿಗೂ ದಾಟಿಸುತ್ತದೆ. ಚಾಚಿದ ಉದ್ದ ಹೆಚ್ಚಾದರೆ ಕೆಳಗಿನ ಕೀಲುಗಳು ಸೆಟೆದು ಹಿಡಿದುಕೊಳ್ಳುತ್ತವೆ. ಒಂದೇ ಬದಿ ಕೆಟ್ಟಿದ್ದರೂ ಎರಡನ್ನೂ ಬದಲಿಸುವುದು ಲೇಸು. ಒಂದು ಕಾಲು ಮುದಿ, ಒಂದು ಕಾಲು ಹರೆಯ ಆದ ಬಂಡಿ ತಿರುವಿನಲ್ಲಿ ಒಂದು ಕಡೆಗೆ ಒಂದು ಬಗೆ, ಇನ್ನೊಂದು ಕಡೆಗೆ ಇನ್ನೊಂದು ಬಗೆ ನಡೆದುಕೊಳ್ಳುತ್ತದೆ. ಗುಜರಿಯ ಬಂಡಿಯಿಂದ ಬಿಚ್ಚಿದ ಷಾಕ್ ಅಗ್ಗಕ್ಕೆ ಸಿಗುವುದುಂಟು. ಅದರ ವಯಸ್ಸೂ ತನ್ನದರಷ್ಟೇ ಎಂಬುದನ್ನು ನೆನೆದು, ಮೇಲೆ ಹೇಳಿದ ಪರೀಕ್ಷೆಗಳನ್ನು ಅಂಗಡಿಯಲ್ಲೇ ಮಾಡಿ ನೋಡಿ ಹಣ ಕೊಡಬೇಕು.

ಜೋಡಿಸುವಾಗ ಮೊದಲ ಗಮನ ಸಲ್ಲಬೇಕಾದ್ದು ಕಣ್ಣಿನೊಳಗಿನ ಬುಷ್‌ಗೂ ಬೋಲ್ಟು ಕೂರುವ ತೂತಿಗೂ. ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಎಷ್ಟು ಬೆಲೆಯ ಷಾಕ್ ಹಾಕಿದರೂ ಹಳೆಯ ಲಟಲಟ ಸದ್ದು ಹಾಗೆಯೇ ಕೇಳಿಬರುತ್ತದೆ. ಕೊನೆಯಲ್ಲಿ ಹ್ಯಾಂಡಲನ್ನು ನೇರ ಮಾಡಿ, ಎರಡೂ ಸ್ಕೀಗಳ ನಡುವಣ ಅಂತರವನ್ನು ಮುಂದೊಮ್ಮೆ ಹಿಂದೊಮ್ಮೆ ಅಳೆಯಬೇಕು. ಸಾಮಾನ್ಯವಾಗಿ ಮುಂದಿನ ಅಂತರ ಹಿಂದಿನದಕ್ಕಿಂತ ಅಂಗುಲದ ಎಂಟನೇ ಒಂದು ಭಾಗದಿಂದ ಕಾಲು ಅಂಗುಲದವರೆಗೆ ಹೆಚ್ಚಿರುವಂತೆ ಇಡುತ್ತಾರೆ. ಆಯಾ ಬಂಡಿಯ ಕೈಪಿಡಿಯ ಮಾತೇ ಕೊನೆಯ ಮಾತು.

ಇಷ್ಟೆಲ್ಲ ಮುಗಿಸಿ ಹೊರಟ ಸವಾರನಿಗೆ ಮೊದಲ ಮೈಲಿಯಲ್ಲೇ ವ್ಯತ್ಯಾಸ ತಿಳಿಯುತ್ತದೆ. ಸ್ಕೀಗಳು ದಿಬ್ಬದ ಮೇಲಿಂದ ಹರಿದು ಇಳಿಯುತ್ತವೆ, ತಿರುವಿನಲ್ಲಿ ಹ್ಯಾಂಡಲು ಹೇಳಿದಂತೆ ಕೇಳುತ್ತದೆ, ತೋಳುಗಳಿಗೆ ಬಿಡುವು ಸಿಗುತ್ತದೆ. ಐದಾರು ಮೈಲಿ ಕಳೆದ ಮೇಲೆ ಮಾತ್ರ, ಅದುವರೆಗೆ ಮುಂಭಾಗದ ಗಲಾಟೆಯಲ್ಲಿ ಗಮನಕ್ಕೆ ಬಾರದಿದ್ದ ಇನ್ನೊಂದು ಒದೆತ ಆಸನದ ಕೆಳಗಿನಿಂದ ಮೇಲೇರಿ ಬರತೊಡಗುತ್ತದೆ. ಹಿಂದಿನ ಪಟ್ಟೆಯ ಒಳಗೂ ಎರಡು ಷಾಕ್ ಅಬ್ಸಾರ್ಬರುಗಳಿವೆ, ಅವೂ ಅದೇ ವಯಸ್ಸಿನವು.